ಮೊದಲ ಪ್ರಶ್ನೆ ಅಕ್ಕನದು

ಅವಳಿಗಳಾದರೂ ಸ್ವಲ್ಪ ಮೊದಲು ಹುಟ್ಟಿದ್ದಕ್ಕೆ ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ. ಮನೆಯಲ್ಲಿ ತಂಗಿಗೆ ಪಟಾಕಿ ಎಂದು ಅಡ್ಡಹೆಸರು, ಅಕ್ಕನಿಗೆ ತಣ್ಣೀರು. ಇಬ್ಬರೂ ಒಂದೇ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಬೆಳಕು ಅಳೆಯುತ್ತಿದ್ದರು. ಕ್ಯಾಂಟೀನಿನಲ್ಲಿ ತಂಗಿಯ ಮೇಜಿನ ಸುತ್ತ ಸೇರುವವರು ಕುರ್ಚಿ ಸಾಲದೆ, ಅಕ್ಕನ ಎದುರಿನ ಕುರ್ಚಿಯನ್ನೂ ಎಳೆದೊಯ್ಯುತ್ತಿದ್ದರು. "ಇದು ಯಾರಿಗಾದ್ರೂ ಬೇಕಾ?" ಎಂದು ಕೇಳುವ ಸೌಜನ್ಯವಾದರೂ ಇತ್ತು. ಅಕ್ಕ ಬೇಡವೆಂದು ತಲೆಯಾಡಿಸುವಳು. ಹೊಟ್ಟೆಯೊಳಗೆ ಮಾತ್ರ ಕೆಂಡ.

ಈಗ ತಂಡಕ್ಕೆ ಮುಖ್ಯಸ್ಥೆ ಬೇಕಾಗಿತ್ತು, ಇಬ್ಬರೂ ಅರ್ಜಿ ಹಾಕಿದ್ದರು. ಅಕ್ಕ ಹಿಂದಿನ ವಾರವೇ ಸಭೆಯ ಮುಂದೆ ತನ್ನ ಕೆಲಸದ ಬಗ್ಗೆ ಮಾತಾಡಿ ಮುಗಿಸಿದ್ದಳು. ನಿರ್ದೇಶಕರು ಗಡಿಯಾರ ನೋಡುತ್ತಾ ಕೇಳಿಸಿಕೊಂಡಿದ್ದರು. ಇವತ್ತು ತಂಗಿಯ ಸರದಿ.

ತಂಗಿ ಆರಿಸಿಕೊಂಡದ್ದು ಒಂದು ಜೋಡಿ ನಕ್ಷತ್ರ. ಎಳೆಯ ನಕ್ಷತ್ರ ಬಿರುಸಾಗಿ ತಿರುಗುತ್ತದೆ, ಮತ್ತೆ ಮತ್ತೆ ಭುಗ್ಗೆಂದು ಜ್ವಾಲೆ ಕಾರುತ್ತದೆ. ವಯಸ್ಸಾದಂತೆ ತಿರುಗುವುದು ನಿಧಾನವಾಗಿ ಸಿಡಿತವೂ ಇಳಿಯುತ್ತದೆ. ಈ ಜೋಡಿಯಲ್ಲಿ ಒಂದು ಸದಾ ಸಿಡಿಯುತ್ತಿತ್ತು, ಇನ್ನೊಂದು ತೆಪ್ಪಗಿತ್ತು. ಒಟ್ಟಿಗೆ ಹುಟ್ಟಿದವು, ವಯಸ್ಸು ಒಂದೇ. ಯಾವುದನ್ನು ನಂಬುವುದು? ತಂಗಿ ಸಿಡಿಯುವುದನ್ನು ನಂಬಿದ್ದಳು: ಜೋಡಿ ಎಳೆಯದು, ಇನ್ನೊಂದು ಸದ್ಯಕ್ಕೆ ಮಲಗಿದೆ, ಅಷ್ಟೆ.

ಸದ್ದು ಮಾಡುವವರನ್ನೇ ಎಲ್ಲರೂ ನಂಬುವುದು ಎಂದುಕೊಂಡಳು ಅಕ್ಕ.

ಅಂದು ಬೆಳಿಗ್ಗೆ, ತಂಗಿ ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡುವಾಗ ಅಕ್ಕನಿಗೆ ಅನುಮಾನ ಬಂತು. ಆ ಸಿಡಿಯುವ ನಕ್ಷತ್ರದ ಬೆಳಕನ್ನು ಬೇರೆ ಕೆಲಸಕ್ಕೆಂದು ಹಿಂದೆ ಹಲವು ರಾತ್ರಿ ತಾನೇ ಒಂದೊಂದು ಬಣ್ಣವಾಗಿ ಬಿಡಿಸಿಟ್ಟಿದ್ದಳು. ತೆರೆದು ನೋಡಿದರೆ, ಸಿಡಿಯುವ ನಕ್ಷತ್ರ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿತ್ತು. ಪಕ್ಕದಲ್ಲೇ ಕಣ್ಣಿಗೆ ಬೀಳದ ಪುಟ್ಟ ನಕ್ಷತ್ರವೊಂದು ಅಂಟಿಕೊಂಡು, ಪಾಪ, ಮುದುಕಿಯನ್ನು ಗಿರಗಿರನೆ ಕುಣಿಸುತ್ತಿತ್ತು. ಅದಕ್ಕೇ ಆ ಸಿಡಿತ, ಎಳೆತನಕ್ಕಲ್ಲ. ಓಡಿಹೋಗಿ ತಂಗಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸಭೆಯಲ್ಲೇ ಕೇಳುತ್ತೇನೆ, ಎಲ್ಲರೂ ನೋಡಲಿ. ಅಷ್ಟು ರುಚಿಯಾದ ಚಹಾ ಅವಳು ಎಷ್ಟೋ ದಿನದಿಂದ ಕುಡಿದಿರಲಿಲ್ಲ.

ತಂಗಿಯ ಮಾತು ಮುಗಿಯಿತು. ಅಕ್ಕ ಕೈ ಎತ್ತಿದಳು. ತಂಗಿಯ ಮುಖ ಅರಳಿತು.

ಅದಕ್ಕೆ ಕಾರಣವಿತ್ತು. ಎಷ್ಟೇ ಪಟಾಕಿಯಾದರೂ ಪ್ರಶ್ನೆಗಳೆಂದರೆ ತಂಗಿಯ ಅಂಗೈ ಬೆವರುತ್ತಿತ್ತು. ಶಾಲೆಯ ದಿನಗಳಿಂದಲೂ ಮೊದಲ ಪ್ರಶ್ನೆ ಅಕ್ಕನದು, ಮನೆಯಲ್ಲೇ ಮಾತಾಡಿಕೊಂಡ ಸುಲಭದ ಪ್ರಶ್ನೆ. ಇವತ್ತಿಗೂ ಅಂಥದ್ದೊಂದನ್ನು ಗೊತ್ತುಮಾಡಿಕೊಂಡಿದ್ದರು.

"ಕೇಳಕ್ಕಾ," ಎಂದಳು ತಂಗಿ, ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ.

"ತೆಪ್ಪಗಿರೋದೇ ನಿಜವಾದ ವಯಸ್ಸು ಹೇಳ್ತಿದ್ರೆ?" ಅಂದಳು ಅಕ್ಕ. "ಸಿಡಿಯೋದರ ಪಕ್ಕ ಇನ್ಯಾರೋ ಅಡಗಿಕೊಂಡು ಅದನ್ನ ತಿರುಗಿಸ್ತಿದ್ರೆ?"

ನಿರ್ದೇಶಕರು ಪೆನ್ನು ಕೆಳಗಿಟ್ಟರು. ತಂಗಿಯ ಮುಖದ ನಗು ಮಾಯವಾಗಿದ್ದು ಕೊನೆಯ ಸಾಲಿಗೂ ಕಾಣುತ್ತಿತ್ತು. ಅಕ್ಕನ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು.

ಒಂದೇ ಗಳಿಗೆ. ತಂಗಿ ಬೋರ್ಡಿನ ಕಡೆ ತಿರುಗಿದಳು. "ಹಾಗಿದ್ರೆ ಅದು ತೂಗಾಡ್ಬೇಕು. ಅದರ ಬೆಳಕು ಬಿಡಿಸಿದ್ದು ನೀನೇ. ತೂಗಾಡುತ್ತಾ ಅಕ್ಕಾ?"

"ತೂಗಾಡುತ್ತೆ."

"ಸರಿ, ಹಾಗಾದ್ರೆ ಜೋಡಿ ಮುದಿ. ನಾನು ಹೇಳಿದ್ದು ತಪ್ಪು." ತಾನು ಬರೆದಿದ್ದ ವಯಸ್ಸನ್ನು ತೋಳಿನಿಂದಲೇ ಒರೆಸಿಹಾಕಿದಳು. ಸಭೆ ನಕ್ಕಿತು. ಎಲ್ಲರೆದುರು ತನ್ನದನ್ನು ತಾನೇ ಅಳಿಸಬಲ್ಲವಳೇ ತಂಡಕ್ಕೆ ಬೇಕು ಎಂದರು ನಿರ್ದೇಶಕರು. ಕೆಲಸ ತಂಗಿಗೆ ಹೋಯಿತು.

ಸಂಜೆ ಮೆಟ್ಟಿಲ ಮೇಲೆ ತಂಗಿ ಕೇಳಿದಳು: "ಬೀಳಿಸೋಕೆ ಕೇಳಿದ್ಯಾ, ಎತ್ತೋಕಾ?"

"ಬೀಳಿಸೋಕೇ. ನೀನು ಬೀಳ್ಲಿಲ್ಲ."

ತಂಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಮೊನ್ನೆ ಅಮ್ಮ ಫೋನಲ್ಲಿ ನಿನ್ನ ಹೊಗಳಿದ್ರು. ನಂಗೆ ಅವತ್ತು ಊಟ ಸೇರ್ಲಿಲ್ಲ, ಗೊತ್ತಾ?"

ಅಕ್ಕನಿಗೆ ಇದು ಹೊಸ ಸುದ್ದಿ. "ಏನಂತ ಹೊಗಳಿದ್ರು?"

"ಹೇಳಲ್ಲ ಹೋಗು. ಆ ಅಡಗಿರೋ ನಕ್ಷತ್ರ ನೀನೇ ಇಟ್ಕೊ, ನಿನ್ನ ಹೆಸರಲ್ಲೇ ಬರಿ."

"ಕೊಡೋಕೆ ನೀನ್ಯಾರೇ? ಅದು ನಂದೇ."

"ನಾನಾ? ಮುಖ್ಯಸ್ಥೆ."

ಕೆಂಡ ಮತ್ತೆ ಭುಗ್ಗೆಂದಿತು. ಆದರೆ ಮರುದಿನ ಊಟದ ಹೊತ್ತಿಗೆ ಯಾರೋ ಎದುರಿನ ಕುರ್ಚಿಗೆ ಕೈ ಹಾಕಿದಾಗ, "ಬಿಡಿ, ಬೇಕು," ಎಂದಳು ಅಕ್ಕ. ಯಾರಿಗೆ ಎಂದು ಹೇಳಲಿಲ್ಲ.