ಬುನ್‌ಯಿಯ ಹೆಸರಿನ ಮುಂದೆ

ಎಣ್ಣೆ ಸವರಿದ ಕೂಡಲೇ ಅಚ್ಚಿನ ಹಲಗೆಗೆ ಅಂಟಿಸಿದ ಕಾಗದ ತೆಳುವಾಗಿ, ಕವುಚಿ ಮಲಗಿದ ಅಕ್ಷರಗಳು ಒಂದೊಂದಾಗಿ ಕಪ್ಪಗೆ ಮೇಲೇಳುತ್ತವೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಮಾನ್‌ಗಿಲ್‌ಗೆ ಅದೇ ನೇರ, ಬುದ್ಧನ ಮಾತನ್ನು ಇಷ್ಟು ವರ್ಷ ತಿರುಗುಮುರುಗಾಗಿಯೇ ಕೆತ್ತಿದವನಿಗೆ ಲೋಕದಲ್ಲಿ ಯಾವುದು ನೆಟ್ಟಗಿದೆ ಎಂದೇ ತಿಳಿಯದು — ಸೂತ್ರ ಮುಗಿಯಿತು, ಉಳಿದದ್ದು ಅಂಚಿನ ಒಂದೇ ಸಾಲು, ಈ ಹಲಗೆಯ ಪುಣ್ಯ ಯಾರಿಗೆ ಎಂಬ ಸಾಲು, ಅದರಲ್ಲಿ ಹೆಂಡತಿಯ ಹೆಸರು ಮಾತ್ರ ಇದೆ, ಬುನ್‌ಯಿ, ಮುಂದೆ ಖಾಲಿ. ಬದುಕಿರೋರಿಗೆ ದೀರ್ಘಾಯುಸ್ಸು, ಸತ್ತೋರಿಗೆ ಸದ್ಗತಿ, ಯಾವ್ದು ಬರೀಲಿ ಹೇಳಯ್ಯಾ, ಎಂದು ಹಲಗೆಗಳಿಗೆ ಕಾಗದ ಬರೆದುಕೊಡುವ ಹ್ಯೋಜಾಂಗ್ ಸ್ವಾಮಿಗಳು ಬೆಳಿಗ್ಗೆ ಕುಂಚ ಹಿಡಿದು ಕೇಳಿದ್ದರು, ಹೆಸರಷ್ಟು ಬರೀರಿ ಸ್ವಾಮಿ ಅಂದ, ಆಗ್ಲಿ, ಉಳಿದದ್ದನ್ನ ಚೂರು ಕಾಗದದಲ್ಲಿ ಕೊಡ್ತೀನಿ, ಹೆಸರು ಕೆತ್ತೋಷ್ಟರಲ್ಲಿ ಹೇಳು, ಮಧ್ಯಾಹ್ನ ಅರಗು ಬಳಿಯೋರು ಹಲಗೆ ಎತ್ಕೊಂಡು ಹೋಗ್ತಾರೆ, ಆಮೇಲೆ ನಿನ್ನ ಬಾಯಿಂದ ಮುತ್ತು ಉದುರಿದ್ರೂ ಪ್ರಯೋಜನ ಇಲ್ಲ.

ಸದ್ಗತಿ ಎಂದು ಕೆತ್ತಿದರೆ, ಅವಳು ಎಲ್ಲೋ ಉಸಿರಾಡುತ್ತಿದ್ದರೆ, ಈ ಉಳಿಯೇ ಅವಳ ಕೊರಳಿಗೆ — ದೀರ್ಘಾಯುಸ್ಸು ಎಂದರೆ, ಅವಳು ಹೋಗಿಬಿಟ್ಟಿದ್ದರೆ, ಅಲೆಯುವ ಜೀವಕ್ಕೆ ಬಂದ ಪುಣ್ಯ ಬಾಗಿಲಿಂದಲೇ ವಾಪಸು — ಮೊದಲ ಗೆರೆ, ಮರ ಮೆತ್ತಗೆ ಬಿಟ್ಟುಕೊಡುತ್ತದೆ, ದಡದಲ್ಲಿ ಎತ್ತಿದ ಕೈ. ಆ ದಿನ ದೋಣಿ ತುಂಬಿದೆ, ಗುಡ್ಡದಾಚೆ ಮಂಗೋಲರು ಬೆಂಕಿ ಹಚ್ಚಿದ ಊರಿನ ಹೊಗೆ, ಅಯ್ಯೋ ಸೋಯಾ ಗೊಜ್ಜಿನ ಗಡಿಗೆ ಮರೆತೆ ಕಣ್ರೀ, ದ್ವೀಪದಲ್ಲಿ ನಿಮಗೆ ಯಾರು ಕೊಡ್ತಾರೆ, ಇಗೋ ಬಂದೆ, ಎಂದು ಬುನ್‌ಯಿ ಇಳಿದು ಓಡುತ್ತಾಳೆ, ಅಂಬಿಗ ನೀರು ಇಳೀತಿದೆ, ಈಗ ಬಿಡದಿದ್ರೆ ಎಲ್ಲರೂ ಕೆಸರಲ್ಲಿ ಹೂತು ಹೋಗ್ತೀವಿ ಎಂದು ಹುಟ್ಟು ಹಾಕಿದ, ಮಾನ್‌ಗಿಲ್ ಹಾರಲು ಹೋದ, ನಾಲ್ಕು ಜನ ಸೊಂಟ ಹಿಡಿದರು, ಅವಳು ಗಡಿಗೆಯನ್ನು ಕಂಕುಳಲ್ಲಿಟ್ಟು ದಡಕ್ಕೆ ಬಂದು ಒಂದು ಕೈ ಎತ್ತಿದಳು — ಆ ಕೈ ಹೋಗಿ ಎಂದಿದ್ದರೆ ಬೆಟ್ಟದ ಕೋಟೆಯ ದಾರಿ ಹಿಡಿದಿರುತ್ತಾಳೆ, ಬದುಕಿರುತ್ತಾಳೆ, ನಿಲ್ಲಿ ಎಂದಿದ್ದರೆ ದೋಣಿ ತಿರುಗಿ ಬರುತ್ತದೆಂದು ಅಲ್ಲೇ ನಿಂತಿರುತ್ತಾಳೆ, ಹಟಮಾರಿ, ಕುದುರೆಗಳು ಬರುವವರೆಗೂ ನಿಂತೇ ಇರುತ್ತಾಳೆ.

ಒಂದು ಅಕ್ಷರಕ್ಕೆ ಮೂರು ನಮಸ್ಕಾರ, ಇಲ್ಲಿಯ ಪದ್ಧತಿ, ಏಳುತ್ತಾನೆ, ಬೀಳುತ್ತಾನೆ, ಇವತ್ತು ಬೇಕೆಂದೇ ನಿಧಾನ, ಪಕ್ಕದ ಹಲಗೆಯ ದೊಕ್‌ಸಾಮ್ ನಗುತ್ತಾನೆ, ಏನಣ್ಣಾ, ನಿನಗಿಂತ ಮೊದ್ಲು ನಿನ್ನ ಮೊಣಕಾಲೇ ಮೋಕ್ಷಕ್ಕೆ ಹೋಗೋ ಹಾಗಿದೆ, ನಗಲಿ, ಹೆಸರು ಕೆತ್ತುವಷ್ಟು ಹೊತ್ತು ಅವಳು ಬದುಕಿಯೂ ಇಲ್ಲ ಸತ್ತೂ ಇಲ್ಲ, ಬರೀ ಬುನ್‌ಯಿ, ನನ್ನವಳು, ಆದರೆ ಬುನ್, ಯಿ, ಎರಡಕ್ಷರದ ಹೆಸರು ಎಷ್ಟು ಎಳೆದರೂ ಎರಡೇ — ನಿಲ್ಲಿ ಎಂದರೆ ಅಂಗೈ ಕಾಣಬೇಕು, ಹೋಗಿ ಎಂದರೆ ಕೈಯ ಬೆನ್ನು, ನೋಡಿದ್ದೇನೆ, ಈ ಕಣ್ಣಿಂದಲೇ ನೋಡಿದ್ದೇನೆ, ಮನಸ್ಸಿನಲ್ಲಿ ಬರೆದುಕೊಂಡರೆ ಅಂಗೈ, ಮರದಲ್ಲಿ ಇಳಿಸಿದಂತೆ ತಿರುಗಿಸಿದರೆ ಬೆನ್ನು, ಮತ್ತೆ ತಿರುಗಿಸಿದರೆ ಅಂಗೈ, ಹಾಳಾದ ಕಣ್ಣು, ಹಾಳಾದ ಕಸುಬು. ಏನಯ್ಯಾ, ಅರಗಿನವರು ಬಂದ್ರು, ಬದುಕಿದ್ದಾಳೋ ಇಲ್ವೋ, ಬಾಗಿಲಲ್ಲಿ ಸ್ವಾಮಿಗಳು, ಕುಂಚದ ತುದಿಯಲ್ಲಿ ಶಾಯಿ ತುಂಬಿ ನಿಂತಿದೆ, ಕೊನೆಯ ಗೆರೆ ಮುಗಿಯಿತು, ಮುಂದಿನ ಮರ ಬೋಳಾಗಿದೆ, ಬಾಯಿ ತೆರೆದ, ಬದು — ಸತ್ — ಸ್ವಾಮಿ, ಅವಳು — ದಡದಲ್ಲಿ ಕೈ, ಎತ್ತಿದ ಕೈ, ಅಂಗೈ, ಅಲ್ಲ, ಬೆನ್ನು, ಅಲ್ಲ, ಕೈ.