ಎರಡೂವರೆ ನಿಮಿಷ

ನಳಿನಿ ಗಂಡನ ಕೋಟಿನ ಜೇಬಿಗೆ ಕೈ ಹಾಕಿದಳು. "ಕನ್ನಡಕ ತೆಗೆದುಬಿಡಿ, ಜೇಬಲ್ಲೇನಿದೆ ನೋಡಿಬಿಡಿ, ಹೊತ್ತಾಯ್ತು" ಎಂದು ಪುರೋಹಿತರು ಮೂರು ಸಲ ಹೇಳಿದ್ದರು. ಅಮೆರಿಕದ ಹರ್ನ್‌ಡನ್ನಿನ ಆ ಫ್ಯೂನರಲ್ ಹೋಮಿನಲ್ಲಿ ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ. ಜೇಬಿನಿಂದ ಮಡಚಿದ ಹಾಳೆ ಬಂತು. ಮೇಲೆ ದಪ್ಪಕ್ಷರದಲ್ಲಿ ‘ಗುರುವಾರ, ಸಂಜೆ ಆರು, ಸರದಿ 14’. ಕೆಳಗಿನದೆಲ್ಲ ಗಂಡನ ಡಾಕ್ಟರ್ ಬರಹ, ಇರುವೆ ಹರಿದಂತೆ.

ಇವತ್ತೇ ಗುರುವಾರ.

"ರಾಜೀವ, ಇವತ್ತು ಕೌಂಟಿ ಮೀಟಿಂಗು ಕಣೋ. ಲೈಬ್ರರಿ ಹಿಂದಿನ ಮರಗಳನ್ನ ಕಡಿದು ಡೇಟಾ ಸೆಂಟರ್ ಕಟ್ಟೋಕೆ ಓಟು ಹಾಕ್ತಾರೆ" ಎಂದಳು ಮಗನಿಗೆ.

"ಅಮ್ಮಾ, ಪ್ಲೀಸ್. ಈಗ ಅದೆಲ್ಲಾ ಯಾಕೆ?" ಡೇಟಾ ಸೆಂಟರುಗಳಿಗೇ ಸಾಫ್ಟ್‌ವೇರ್ ಮಾಡುವ ರಾಜೀವ್ ಮುಖ ತಿರುಗಿಸಿದ. ಇದೇ ವಿಷಯಕ್ಕೆ ಅಪ್ಪನೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದ.

"ಮನೇಲಿದ್ದ ಗ್ಯಾಸ್ ಒಲೇನೇ ಕೀಳಿಸಿದ ಮಹಾನುಭಾವ ಇವನು. ಈಗ ನೋಡಿ, ಗ್ಯಾಸಲ್ಲೇ ಹೋಗ್ಬೇಕು" ಎಂದು ಹಳೆಯ ಗೆಳೆಯ ಮುರಳೀಧರ ನಗಲು ಹೋಗಿ ಅತ್ತುಬಿಟ್ಟರು.

ರಾಜೀವ್ ದಹನಯಂತ್ರದ ಗುಂಡಿ ಒತ್ತಿದ. ನಳಿನಿ ಹಾಳೆಯನ್ನು ಮುಷ್ಟಿಯಲ್ಲೇ ಹಿಡಿದು ನಿಂತಿದ್ದಳು.

*

ನಳಿನಿಯ ಗಂಡ ಡಾಕ್ಟರ್ ಅಶ್ವತ್ಥ ಇಂಗ್ಲೆಂಡಿನ ಲೀಡ್ಸಿನ ಆಸ್ಪತ್ರೆಯಲ್ಲಿ ಐದು ವರ್ಷ ದುಡಿದು ಇಲ್ಲಿಗೆ ಬಂದವರು. ರಿಟೈರಾದ ಮೇಲೂ ಬೆಳಗಾದರೆ ಬ್ರಿಟಿಷ್ ಸುದ್ದಿ ಕೇಳಲೇಬೇಕು. ಅಲ್ಲಿನ ಪಾರ್ಲಿಮೆಂಟು ಹವಾಮಾನ ತುರ್ತುಸ್ಥಿತಿ ಎಂದು ಘೋಷಿಸಿದಾಗ ಮನೆಯಲ್ಲಿ ಪಾಯಸ ಮಾಡಿಸಿದರು. ಆಮೇಲೆ ಅವರನ್ನೇ ಬೈದೂ ಬೈದರು. "ಬಾಯಲ್ಲಿ ಹೇಳಿ ಸುಮ್ನೆ ಕೂತ್ಬಿಟ್ರಲ್ಲೇ! ನಾನಾದ್ರೂ ಇಲ್ಲಿ ಎದ್ದು ನಿಂತ್ಕೋತೀನಿ" ಎಂದು ಇಲ್ಲಿನ ಜಿಲ್ಲಾಡಳಿತವಾದ ಕೌಂಟಿಯ ಸಭೆಗಳಿಗೆ ಹೋಗತೊಡಗಿದರು.

ಅಲ್ಲಿ ಮಾತಾಡಲು ಹೆಸರು ಕೊಟ್ಟ ಊರವರಿಗೆ ಸರದಿಯಂತೆ ತಲಾ ಮೂರೇ ನಿಮಿಷ. ಅದಕ್ಕೆ ಅಡುಗೆಮನೆಯ ಕಿಟಕಿಗೆ ಮುಖಮಾಡಿ ಅಭ್ಯಾಸ. ನಳಿನಿ ಮೈಕ್ರೋವೇವಿನಲ್ಲಿ ಟೈಮ್ ಇಡಬೇಕು.

ಅವಳೋ ಎರಡೂವರೆ ನಿಮಿಷಕ್ಕೇ ಇಡುತ್ತಿದ್ದಳು. ಸಾರು ಆರಿಹೋಗುತ್ತಿತ್ತಲ್ಲ! ಬೀಪ್ ಎಂದೊಡನೆ "ಸಾಕು ಬನ್ರೀ, ತಟ್ಟೆ ಹಾಕಿದೀನಿ" ಎನ್ನುವಳು. "ಛೆ, ಮುಖ್ಯವಾದ್ದೇ ಉಳೀತು. ಅಲ್ಲಿ ಇನ್ನೂ ಬೇಗ ಓದ್ತೀನಿ ಬಿಡು" ಎಂದು ಪಾಪ, ಆ ಮನುಷ್ಯ ತಮ್ಮದೇ ತಪ್ಪೆಂದುಕೊಂಡು ಊಟಕ್ಕೆ ಕೂರುತ್ತಿದ್ದರು. ಸಭೆಗೆ ಅವಳು ಒಮ್ಮೆಯೂ ಹೋದವಳಲ್ಲ. ಈ ಸಲದ ಭಾಷಣದ ಅಭ್ಯಾಸ ನಾಲ್ಕು ಸಂಜೆ ನಡೆದಿತ್ತು. ನಾಲ್ಕು ಸಂಜೆಯೂ ಅದೇ ಮೋಸ.

*

ಮನೆಗೆ ಬಂದು ಸ್ನಾನವಾದರೂ ನಳಿನಿ ಕೂರಲಿಲ್ಲ. ಕಿಟಕಿಗೂ ಗಡಿಯಾರಕ್ಕೂ ಓಡಾಡಿದಳು. ಐದು ಗಂಟೆಗೆ ಚಪ್ಪಲಿ ಮೆಟ್ಟಿದಳು.

"ಸೂತಕ ಕಣೇ, ಎಲ್ಲಿಗೆ ಹೊರಟೆ?" ಮುರಳೀಧರರ ಹೆಂಡತಿ ವೇದಾ ಅಡ್ಡ ಬಂದರು.

"ಸೂತಕ ಅಂತ ಅವ್ರೇನು ಓಟು ನಿಲ್ಲಿಸ್ತಾರಾ?"

"ಅಮ್ಮಾ, ನಮ್ಮ ಆಫೀಸ್‌ನವರೆಲ್ಲಾ ಅಲ್ಲಿರ್ತಾರೆ" ಎಂದ ರಾಜೀವ್.

"ಇರ್ಲಿ! ನಿಮ್ಮಪ್ಪನ ಮಾತನ್ನ ದಿನಾ ಅರ್ಧಕ್ಕೇ ಮುಗಿಸ್ದೆ ಕಣೋ. ಇವತ್ತೊಂದಿನ ಪೂರ್ತಿ ಆಗ್ಲಿ." ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು. ರಾಜೀವನ ಮಗಳು ಅಮೂಲ್ಯಾ ಕಾರಿನ ಕೀ ತೆಗೆದುಕೊಂಡಳು.

"ಕಮ್ ಅಜ್ಜಿ. ನಾನು ಡ್ರೈವ್ ಮಾಡ್ತೀನಿ."

ಸಭೆಯಲ್ಲಿ ಹದಿನಾಲ್ಕನೆಯ ಹೆಸರು ಕೂಗಿದಾಗ ನಳಿನಿ ಎದ್ದಳು. "ಅವರು ಇಲ್ಲ. ನಾನು ಅವರ ಹೆಂಡತಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎದುರಿನ ಗಡಿಯಾರದಲ್ಲಿ ಕೆಂಪು ಅಂಕಿಗಳು ಮೂರರಿಂದ ಇಳಿಯತೊಡಗಿದವು.

ಹಾಳೆ ಬೇಕಾಗಲಿಲ್ಲ. ಆ ಮರಗಳ ಲೆಕ್ಕ, ಡೀಸೆಲ್ ಜನರೇಟರುಗಳ ಹೊಗೆ, ಸೆಕೆಯಲ್ಲಿ ಗಂಡನ ಕೈಯಲ್ಲೇ ಪ್ರಾಣಬಿಟ್ಟ ಮುದುಕಿಯ ಕತೆ, ಎಲ್ಲಾ ಅವರದೇ ಇಂಗ್ಲಿಷಿನಲ್ಲಿ, ಅವರು ಉಸಿರೆಳೆಯುತ್ತಿದ್ದ ಕಡೆಯಲ್ಲೇ ಉಸಿರೆಳೆದು ಒಪ್ಪಿಸಿದಳು. "ಆದ್ದರಿಂದ ನಾನು ನಿಮ್ಮನ್ನು ಕೇಳುವುದಿಷ್ಟೇ" ಎಂದಳು. ಅಲ್ಲಿಗೆ ನಿಂತಳು. ಪ್ರತಿ ಸಲ ಬೀಪ್ ಆಗುತ್ತಿದ್ದುದು ಅಲ್ಲಿಗೇ. ಗಡಿಯಾರದಲ್ಲಿ ಇನ್ನೂ ಅರ್ಧ ನಿಮಿಷವಿತ್ತು.

ಗಡಬಡಿಸಿ ಹಾಳೆ ಬಿಡಿಸಿದಳು. ಕೊನೆಯ ನಾಲ್ಕು ಸಾಲಿನ ಒಂದಕ್ಷರವೂ ತಿಳಿಯಲಿಲ್ಲ.

"ಇನ್ನೂ ಟೈಮ್ ಇದೆ, ಮ್ಯಾಮ್" ಎಂದರು ಅಧ್ಯಕ್ಷರು ಮೆತ್ತಗೆ.

ನಳಿನಿ ಮೈಕು ಬಿಡಲಿಲ್ಲ. ಕೆಂಪು ಅಂಕಿಗಳು ಹನ್ನೆರಡು, ಹನ್ನೊಂದು ಎಂದು ಇಳಿಯುತ್ತಿದ್ದವು.