ಪೆನ್ಸಿಲಕ್ಕ

ಮಗಳು ಅಪ್ಪನ ಕಪಾಟಿನಿಂದ ಮೂರನೇ ಅಂಗಿಯನ್ನು ಹೊರಗೆಳೆದು ಜೇಬಿಗೆ ಕೈ ಹಾಕಿದಳು. ಇದರಲ್ಲೂ ಒಂದು ಪೆನ್ಸಿಲ್ ತುಂಡು. ಹೆಬ್ಬೆರಳಿಗಿಂತ ಗಿಡ್ಡ, ಚಾಕುವಿನಿಂದ ಕೆತ್ತಿ ಚೂಪು ಮಾಡಿದ್ದು. ಮೊದಲೆರಡು ಅಂಗಿಗಳಲ್ಲೂ ಇಂಥದ್ದೇ ಸಿಕ್ಕಿತ್ತು.

"ನೀಲಿದೇ ಇರ್ಲಿ," ಅಂದ ಗಂಡ, ಬಾಗಿಲಲ್ಲಿ ನಿಂತು. "ದಿನಾ ಅದನ್ನೇ ಅಲ್ವಾ ಹಾಕ್ಕೋತಿದ್ದಿದ್ದು. ಮೂರು ಗಂಟೆಗೆ ಗಾಡಿ ಬರುತ್ತೆ. ಅಲ್ಲಿ ಏನು ಮಾತಾಡೋದು ಅಂತ ಯೋಚಿಸಿದ್ಯಾ?"

"ಇಲ್ಲ."

"ಜಾಸ್ತಿ ಬೇಡ ಕಣೇ. ನಾಲ್ಕು ಮಾತು ಸಾಕು."

"ಆ ನಾಲ್ಕೇ ಇಲ್ಲ ನನ್ನ ಹತ್ರ."

ಚಿತಾಗಾರದ ಸಭಾಂಗಣದಲ್ಲಿ ಮನೆಯವರಿಗೆಂದು ಹತ್ತು ನಿಮಿಷ ಕೊಡುತ್ತಾರೆ. ಮನೆಯವರು ಅಂದರೆ ಇವಳೊಬ್ಬಳೇ. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯನ ಬಗ್ಗೆ ಹತ್ತು ನಿಮಿಷ ಏನು ಹೇಳುವುದು? ಲಿಫ್ಟಿನ ಬಗ್ಗೆಯಾದರೆ ಅವನೇ ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದ. ಅದು ಬಿಟ್ಟರೆ ಬಾಯಿಗೆ ಬೀಗ. ಮಗಳು ಭಾನುವಾರ ಫೋನ್ ಮಾಡಿದರೆ "ಹೂಂ, ಊಟ ಆಯ್ತು, ಇಡ್ತೀನಿ" ಅನ್ನುವಷ್ಟರಲ್ಲಿ ಆ ವಾರದ ಮಾತು ಮುಗಿಯುತ್ತಿತ್ತು.

ಎದುರು ಮನೆಯ ಅಜ್ಜಿ ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಳು. ಕೂತವಳಿಗೆ ಸುಮ್ಮನಿರುವುದು ಗೊತ್ತಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ಕೆಲವು ವರ್ಷದಿಂದ ನಿಮ್ಮಪ್ಪಂಗೆ ಸ್ವಲ್ಪ ಇದಾಗಿತ್ತು."

"ಏನಾಗಿತ್ತು?"

"ಅದೇ, ಬಾಗಿಲು ತಟ್ಟೋದು. ನಿಮ್ಮಮ್ಮ ಇದ್ದಾಗ ಒಂದಿನ ತಟ್ಟಿದೋರಲ್ಲ, ಸೀದಾ ಬೀಗ ತಿರುಗಿಸಿ ಒಳಗೆ. ಅವಳು ಹೋದ್ಮೇಲೆ ಶುರುವಾಯ್ತು ನೋಡು. ಬೀಗದ ಕೈ ಕೈಯಲ್ಲೇ ಇರೋದು, ಆದ್ರೂ ಟಕ್ ಟಕ್ ಅಂತ ಎರಡು ಸಲ. ಸ್ವಲ್ಪ ಹೊತ್ತು ನಿಲ್ಲೋರು, ಆಮೇಲೆ ತೆಗೆಯೋರು. ಒಳಗೆ ಯಾರಿದ್ರು ಅಂತ? ಮೊದಮೊದಲು ನಮ್ಮನೆ ಬಾಗಿಲೇನೋ ಅಂತ ಈ ಮಂಡಿನೋವಲ್ಲಿ ಎದ್ದು ಬರ್ತಿದ್ದೆ."

ಮಗಳಿಗೆ ಗೊತ್ತಿತ್ತು. ಹೋದ ವರ್ಷ ಕಣ್ಣಾರೆ ನೋಡಿ, ಡಾಕ್ಟರ ಹತ್ತಿರ ಹೋಗೋಣ ಎಂದು ಜಗಳವನ್ನೇ ಆಡಿದ್ದಳು. "ಕೆಲಸದ ಅಭ್ಯಾಸ," ಅಂದಿದ್ದ ಅಪ್ಪ. ಅಲ್ಲಿಗೆ ಮುಗಿಯಿತು.

ಅವಳು ನೀಲಿ ಅಂಗಿಯನ್ನು ಇಸ್ತ್ರಿ ಮಾಡಿದಳು. ಪೆನ್ಸಿಲ್ ತುಂಡುಗಳನ್ನು ಎಸೆಯಲು ಮನಸ್ಸು ಬರದೆ ತನ್ನ ಜೇಬಿಗೆ ಹಾಕಿಕೊಂಡಳು.

*

ಒಂಬತ್ತು ವರ್ಷದ ಹಿಂದೆ ಅದೇ ಸಭಾಂಗಣದಲ್ಲಿ ಅಮ್ಮ ಮಲಗಿದ್ದಳು. ಮಾತಾಡುವ ಸರದಿ ಅಪ್ಪನದು. ಎದ್ದು ನಿಂತ. ಕೈಯನ್ನು ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. "ಎಲ್ಲರೂ ಬಂದಿದ್ದಕ್ಕೆ..." ಅಂದ.

ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ಮಧ್ಯೆ ತಾಯಿ ಮಗು ಸಿಕ್ಕಿಬಿದ್ದಿದ್ದರು. ಅಪ್ಪ ಒಮ್ಮೆ ಅಮ್ಮನ ಕಡೆ ನೋಡಿದ, ಒಮ್ಮೆ ಬಾಗಿಲ ಕಡೆ ನೋಡಿದ. ಹೋಗಿಬಿಟ್ಟ.

ಮಗಳು ಅದನ್ನು ಕ್ಷಮಿಸಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವಳಿಗೆ ಒಂದು ಮಾತಿಲ್ಲ. ಯಾರದೋ ಲಿಫ್ಟಿಗೆ ಮಾತ್ರ ಓಡಿಹೋಗಲು ಕಾಲಿದೆ. ಇವತ್ತು ತನ್ನ ಸರದಿ ಬಂದಾಗ ತಾನೂ ಸುಮ್ಮನೆ ನಿಂತು ಕೂತರೆ ಲೆಕ್ಕ ಸರಿಹೋಗುತ್ತದೆ ಎಂದು ನಿನ್ನೆಯಿಂದ ಅಂದುಕೊಂಡಿದ್ದಳು.

*

ಒಂದು ಗಂಟೆಯ ಹೊತ್ತಿಗೆ ಇಬ್ಬರು ಹೆಂಗಸರು ಬಂದರು. ಒಬ್ಬಳ ಕುತ್ತಿಗೆಯಲ್ಲಿ ದರ್ಜಿಯ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ನೇರ ಎದ್ದು ಬಂದಿದ್ದಳು. ಇನ್ನೊಬ್ಬಳು ನರ್ಸ್, ಸಮವಸ್ತ್ರದಲ್ಲೇ ಇದ್ದಳು. ಇಬ್ಬರ ಕಣ್ಣೂ ಕೆಂಪಾಗಿದ್ದವು. ನಡುಮನೆಯಲ್ಲಿ ಮಲಗಿಸಿದ್ದ ಅಪ್ಪನನ್ನು ನೋಡಿ ಇಬ್ಬರೂ ಗಕ್ಕನೆ ನಿಂತರು.

"ಅಕ್ಕ ಎಲ್ಲಿ?" ಅಂದಳು ದರ್ಜಿ.

"ಯಾವ ಅಕ್ಕ?"

"ಪೆನ್ಸಿಲಕ್ಕ. ನೂರಹದಿನೇಳನೇ ನಂಬರು." ಅವಳು ಮತ್ತೆ ಅಪ್ಪನ ಕಡೆ ನೋಡಿದಳು. "ಇವರು ಅಕ್ಕನ ಯಜಮಾನ್ರಾ? ಅಯ್ಯೋ ದೇವರೇ, ಇಬ್ಬರೂ ಒಟ್ಟಿಗೇನಾ?"

ಅಜ್ಜಿ ಕಣ್ಣರಳಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನೀವು ಬೇರೆ ಮನೆಗೆ ಬಂದಿರಬೇಕು," ಅಂದಳು ಮಗಳು. "ಇವರು ನಮ್ಮಪ್ಪ. ಲಿಫ್ಟ್ ಮೆಕ್ಯಾನಿಕ್."

"ಇದೇ ಮನೆ!" ಅಂದಳು ನರ್ಸ್. "ಪೆನ್ಸಿಲಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್ಕೇ. ನಾಲ್ಕನೇ ಪುಸ್ತಕದಲ್ಲಿ ಬರೆದಿದ್ರಲ್ಲ."

ಆ ಮಾತಿಗೆ ತಲೆಬುಡ ತಿಳಿಯದೆ ಮಗಳು ಗಂಡನ ಮುಖ ನೋಡುತ್ತಿರುವಾಗಲೇ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಬೀದಿ ತಿರುವಿನಲ್ಲಿ ಬಾಡಿಗೆ ಪುಸ್ತಕದಂಗಡಿ ಇಟ್ಟಿರುವ ಮುದುಕ, ಹೆಗಲಿಗೆ ಒಂದು ಬಟ್ಟೆಚೀಲ. ಎಲ್ಲರೂ ಅವನನ್ನು ಲೈಬ್ರರಿ ಅಂಕಲ್ ಅನ್ನುತ್ತಿದ್ದರು. ಅವನು ಹೆಂಗಸರಿಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡ.

"ನಂದೇ ತಪ್ಪು. ಅಂಗಡಿ ಬೋರ್ಡ್ ಮೇಲೆ 'ನೂರಹದಿನೇಳನೇ ಓದುಗರು ತೀರಿಕೊಂಡರು' ಅಂತ ವಿಳಾಸದ ಜೊತೆ ಬರೆದೆ. ಗಂಡೋ ಹೆಣ್ಣೋ ಅಂತ ಬರೀಲಿಲ್ಲ. ಯಾರಿಗೂ ಹೇಳ್ಬೇಡಿ ಅಂತ ಇವರೇ ಅಂದಿದ್ರು, ಏನು ಮಾಡ್ಲಿ?"

ಮಗಳಿಗೆ ವಿಷಯ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು, ಮೂವರೂ ಒಟ್ಟಿಗೇ ಮಾತಾಡುತ್ತಿದ್ದುದರಿಂದ.

'ನೆರಳಿಲ್ಲದವನು' ಎಂಬ ಕಾದಂಬರಿ ಮಾಲೆ. ಹತ್ತು ಪುಸ್ತಕ ಓದಿ ಆಗಿದೆ. ಕಥಾನಾಯಕ ಸತ್ತು ಇನ್ನೂರು ವರ್ಷವಾಗಿದೆ. ವಯಸ್ಸು ಮೂವತ್ತರಲ್ಲೇ ನಿಂತಿದೆ, ಬಿಸಿಲಲ್ಲಿ ನಿಂತರೂ ನೆರಳು ಬೀಳುವುದಿಲ್ಲ. ಅವನು ಪ್ರೀತಿಸುವುದು ಗಡಿಯಾರ ರಿಪೇರಿ ಮಾಡುವ ಒಬ್ಬ ಹುಡುಗಿಯನ್ನು. ಅದೇ ಹುಡುಗಿಯ ಹಿಂದೆ ಇನ್ನೊಬ್ಬನಿದ್ದಾನೆ, ಹುಣ್ಣಿಮೆಗೊಮ್ಮೆ ತೋಳವಾಗುವವನು. ಅವನಾದರೂ ಜೀವಂತ. ಅವಳು ಯಾರನ್ನು ಆರಿಸಿಕೊಳ್ಳಬೇಕು ಎಂಬುದರ ಮೇಲೆ ಬಾಡಿಗೆ ಪುಸ್ತಕಗಳ ಅಂಚಿನಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆದಿತ್ತು. ದರ್ಜಿಯದು ನೀಲಿ ಶಾಯಿ, ತೋಳದ ಪಕ್ಷ. ನರ್ಸಿನದು ಹಸಿರು ಶಾಯಿ, ದಿನಕ್ಕೊಂದು ಪಕ್ಷ. ಇವರಿಬ್ಬರಿಗೂ ಬುದ್ಧಿ ಹೇಳುತ್ತಿದ್ದದ್ದು ಪೆನ್ಸಿಲು. ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ, ಪುಸ್ತಕದ ಚೀಟಿಯ ಮೇಲಿನ ಓದುಗರ ನಂಬರು ಮಾತ್ರ ಗೊತ್ತು. ಪೆನ್ಸಿಲಕ್ಕ ಎಂದೇ ಕರೆಯುತ್ತಿದ್ದರು.

"ಪುಸ್ತಕ ಹಾಳು ಮಾಡ್ತೀರಿ ಅಂತ ಬೈದು ಬೈದು ಸಾಕಾಗಿತ್ತು," ಅಂದ ಲೈಬ್ರರಿ ಅಂಕಲ್. "ಆಮೇಲೆ ನೋಡ್ತೀನಿ, ಜನ ಗೀಚಿರೋ ಪ್ರತೀನೇ ಬೇಕು ಅಂತಾರೆ!"

"ನಮ್ಮಪ್ಪ ಇದನ್ನೆಲ್ಲ ಓದ್ತಿದ್ರಾ?" ಮಗಳ ದನಿಯಲ್ಲಿ ನಗುವೂ ಇತ್ತು, ಸಿಟ್ಟೂ ಇತ್ತು. "ದೆವ್ವದ ಪ್ರೇಮಕತೇನಾ?"

ಅವನು ಚೀಲದಿಂದ ಮೂರನೇ ಪುಸ್ತಕ ತೆಗೆದು ಕೊಟ್ಟ. ಅಂಚುಗಳು ಮೆತ್ತಗಾಗಿದ್ದವು. ಮಗಳು ಅಲ್ಲಲ್ಲಿ ತಿರುವಿದಳು.

*ತೋಳ ಒಳ್ಳೆಯವನೇ. ಆದರೆ ಹುಣ್ಣಿಮೆ ಬಂತೆಂದರೆ ಮನೆ ಬಿಟ್ಟು ಓಡುವ ಗಂಡಸನ್ನು ಕಟ್ಟಿಕೊಂಡು ಏನು ಮಾಡುವುದು? ನಮ್ಮವರೂ ಹಾಗೇ, ಫೋನ್ ಬಂದರೆ ಸಾಕು. ಆದರೆ ಬರುವಾಗ ಯಾರನ್ನೋ ಬಿಡಿಸಿ ಬಂದಿರುತ್ತಾರೆ, ಬೈಯಲೂ ಆಗುವುದಿಲ್ಲ.*

ಮಗಳು ತಟ್ಟನೆ ಕೂತುಬಿಟ್ಟಳು. ಗುಂಡಗೆ, ಬಲಕ್ಕೆ ವಾಲಿದ ಅಕ್ಷರ. ತನ್ನ ಶಾಲೆಯ ಪುಸ್ತಕಗಳ ಹೊದಿಕೆಯ ಮೇಲೆ ವರ್ಷ ವರ್ಷ ತನ್ನ ಹೆಸರು ಬರೆಯುತ್ತಿದ್ದ ಅಕ್ಷರ.

"ಇದು ಅಮ್ಮನ ಕೈಬರಹ," ಅಂದಳು.

"ಹೌದಮ್ಮ. ಐದನೇ ಪುಸ್ತಕದವರೆಗೆ ಅವರದೇ."

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. "ಆರನೇದರಿಂದ ಅಕ್ಷರ ಬೇರೆ ಆಯ್ತು. ಅಕ್ಕನ ಬಲಗೈಗೆ ಏನೋ ತೊಂದರೆ ಆಗಿದೆ ಅಂದ್ಕೊಂಡ್ವಿ. ನಾನು ಹಸಿರಲ್ಲಿ ವ್ಯಾಯಾಮ ಬೇರೆ ಬರೆದುಕೊಟ್ಟಿದ್ದೆ, ಬೆರಳು ಹೀಗೆ ಮಡಚಿ, ಹೀಗೆ ಬಿಡಿಸಿ ಅಂತ. ಅಯ್ಯೋ, ನಾನು ಎಂಥ ಪೆದ್ದಿ!"

"ಅವರು ಮಾಡ್ತಿದ್ರು," ಅಂದಳು ಎದುರು ಮನೆಯ ಅಜ್ಜಿ. ಎಲ್ಲರೂ ತಿರುಗಿ ನೋಡಿದರು. "ಬಾಲ್ಕನಿಯಲ್ಲಿ ನಿಂತು ಬೆರಳು ಮಡಚೋದು, ಬಿಡಿಸೋದು. ನಾನು ನೋಡಿದೀನಿ."

*

ಅಮ್ಮ ತೀರಿಕೊಂಡು ಎರಡು ತಿಂಗಳಾದ ಮೇಲೆ ಅಪ್ಪ ಅವಳು ತಂದಿದ್ದ ಐದನೇ ಪುಸ್ತಕವನ್ನು ವಾಪಸು ಕೊಡಲು ಅಂಗಡಿಗೆ ಬಂದಿದ್ದ. ಕೆಲಸದ ಬಟ್ಟೆ, ಮೊಣಕೈಯಲ್ಲಿ ಗ್ರೀಸ್.

"ನಂಬರ್ ತೆಗೆದುಹಾಕ್ಲಾ?" ಎಂದು ಲೈಬ್ರರಿ ಅಂಕಲ್ ಮೆಲ್ಲಗೆ ಕೇಳಿದ.

"ಬೇಡ. ಮೊದಲನೇದು ಕೊಡಿ."

"ಇದು ಹೆಂಗಸರು ಓದೋ ಕತೆ ಸ್ವಾಮಿ."

"ಇರ್ಲಿ. ಅವಳು ಏನೋ ಬರೀತಿದ್ಲಂತಲ್ಲ."

ವಾರಕ್ಕೊಂದರಂತೆ ಐದನ್ನೂ ಓದಿದ. ಆರನೆಯದು ಬಂದಾಗ ಪುಸ್ತಕ ತೆಗೆದುಕೊಂಡು ಅಲ್ಲೇ ನಿಂತ. "ಆ ನೀಲಿಯವರು ಐದನೇದರ ಕೊನೇಲಿ ಒಂದು ಪ್ರಶ್ನೆ ಕೇಳಿದಾರೆ. ಉತ್ತರ ಬರದಿದ್ರೆ ಕಾಯ್ತಾರೆ ಪಾಪ. ನಾನು ಬರೆದ್ರೆ ತಪ್ಪಾಗುತ್ತಾ?" ಅಂದ. ಅಷ್ಟು ಉದ್ದದ ಮಾತನ್ನು ಲೈಬ್ರರಿ ಅಂಕಲ್ ಅವನ ಬಾಯಿಂದ ಅದಕ್ಕಿಂತ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

*

"ಎರಡನೇದು ನೋಡಿ," ಅಂದ ಲೈಬ್ರರಿ ಅಂಕಲ್. "ನಾನು ಗುರುತು ಇಟ್ಟಿದೀನಿ. ಬಾಡಿಗೆಗೆ ಕೊಡೋದು ನಿಲ್ಲಿಸಿಬಿಟ್ಟೆ ಇದನ್ನ, ಇವರು ಬರೆದ ಮೇಲೆ."

ಕಾಗದದ ಗುರುತಿದ್ದ ಪುಟದಲ್ಲಿ ನೆರಳಿಲ್ಲದವನು ಗಡಿಯಾರದ ಹುಡುಗಿಯ ಮನೆಗೆ ಮೊದಲ ಸಲ ಬರುತ್ತಾನೆ. ಪಕ್ಕದಲ್ಲಿ ಅಮ್ಮನ ಗುಂಡಕ್ಷರ:

*ಇವನಿಗೆ ಗೋಡೆಯೇ ಅಡ್ಡಿಯಿಲ್ಲ. ಆದರೂ ಬಾಗಿಲು ತಟ್ಟುತ್ತಾನೆ, ಅವಳು ಬರಲಿ ಎಂದು ಕಾಯುತ್ತಾನೆ. ಅದಕ್ಕೇ ಇವನೆಂದರೆ ನನಗಿಷ್ಟ. ನಮ್ಮವರು ಬೀಗ ತಿರುಗಿಸಿ ಸೀದಾ ನುಗ್ಗುತ್ತಾರೆ. ನಾನು ಪ್ರತಿ ಸಲ ಬೆಚ್ಚಿಬೀಳುತ್ತೇನೆ. ಒಂದು ದಿನ ತಟ್ಟಿದ್ದರೆ ಓಡಿ ಹೋಗಿ ತೆಗೆಯುತ್ತಿದ್ದೆ.*

ಅದರ ಕೆಳಗೆ, ಮೆಷಿನ್ ರೂಮಿನ ಬಾಗಿಲ ಮೇಲೆ 'ಅಪಾಯ' ಎಂದು ಬರೆಯುವಂಥ ಬಿಡಿ ಬಿಡಿ ದಪ್ಪಕ್ಷರದಲ್ಲಿ ಎರಡೇ ಸಾಲು:

*ಈಗ ಓದಿದೆ. ಇನ್ನು ಮೇಲೆ ತಟ್ಟುತ್ತೇನೆ.*

ಮಗಳು ಆ ಪುಟವನ್ನು ಯಾರಿಗೂ ತೋರಿಸಲಿಲ್ಲ. ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿ ಹಿಡಿದಳು. ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು, ತಡೆಯಲೂ ಹೋಗಲಿಲ್ಲ. ದರ್ಜಿ ಹತ್ತಿರ ಬಂದು ಅವಳ ಬೆನ್ನು ಸವರುತ್ತ ನಿಂತಳು, ಟೇಪಿನ ತುದಿ ಇಬ್ಬರ ಮಧ್ಯೆ ಸಿಕ್ಕಿಕೊಂಡಿತು.

ಮೂರು ಗಂಟೆಗೆ ಗಾಡಿ ಬಂತು. ಲಿಫ್ಟಿನಲ್ಲಿ ಉದ್ದಕ್ಕೆ ಮಲಗಿಸಲು ಜಾಗವಿಲ್ಲ. ಜೀವಮಾನವೆಲ್ಲ ಜನರನ್ನು ಮೆಟ್ಟಿಲ ಕಷ್ಟದಿಂದ ತಪ್ಪಿಸಿದವನನ್ನು ಮೂರು ಮಹಡಿ ಮೆಟ್ಟಿಲಿನಿಂದಲೇ ಇಳಿಸಿದರು. ಹೊರಡುವ ಮುಂಚೆ ಮಗಳು ಪೆನ್ಸಿಲ್ ತುಂಡುಗಳಲ್ಲಿ ಒಂದನ್ನು ನೀಲಿ ಅಂಗಿಯ ಜೇಬಿಗೆ ವಾಪಸು ಹಾಕಿದ್ದಳು.

ಸಭಾಂಗಣದಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ಅವಳು ಎದ್ದು ನಿಂತಳು.

"ನಮ್ಮಪ್ಪ ಮಾತಾಡ್ತಿರಲಿಲ್ಲ," ಅಂದಳು. "ಹಾಗಂತ ನಾನು ಅಂದ್ಕೊಂಡಿದ್ದೆ. ಅವರು ಬರೆದಿದ್ದು ಒಂದಿದೆ, ಓದ್ತೀನಿ."

ಲೈಬ್ರರಿ ಅಂಕಲ್ ತಂದಿದ್ದ ಏಳನೆಯ ಪುಸ್ತಕವನ್ನು ಬಿಡಿಸಿದಳು.

"ಗಡಿಯಾರದ ಹುಡುಗಿಗೆ ಈಗ ನಲವತ್ತು, ಅವನಿಗೆ ಇನ್ನೂ ಮೂವತ್ತು. ಅವಳ ತಲೆಯಲ್ಲಿ ಮೊದಲ ಬಿಳಿ ಕೂದಲು ಕಂಡು ಅವನು ಅಳುತ್ತಾನೆ. ನೀಲಿಯವರು ಇದು ಬಹಳ ದುಃಖದ ಅಧ್ಯಾಯ ಅಂದಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅವನು ಪಕ್ಕದಲ್ಲಿ ಕೂತಿದ್ದಾನೆ, ಅವಳ ಕೂದಲು ನೋಡುತ್ತಿದ್ದಾನೆ. ನಮ್ಮ ಮನೆಯಲ್ಲಿ ಯಾವಾಗ ಬಿಳಿಯಾಯಿತೋ ನನಗೆ ಗೊತ್ತೇ ಆಗಲಿಲ್ಲ. ಕೆಲಸದಲ್ಲಿದ್ದೆ."

ಹಿಂದಿನ ಸಾಲಿನಲ್ಲಿ ದರ್ಜಿ ಗಟ್ಟಿಯಾಗಿ ಮೂಗು ಸೀಟಿದಳು. ಮಗಳು ಇನ್ನೂ ಏನೋ ಹೇಳಲು ಹೊರಟವಳು ಪುಸ್ತಕ ಮುಚ್ಚಿ ಅಪ್ಪನ ಕಡೆ ನೋಡಿದಳು. "ಅಷ್ಟೇ ಅಪ್ಪ," ಅಂದಳು.

ಹೊರಗೆ ಬಂದಾಗ ಲೈಬ್ರರಿ ಅಂಕಲ್ ಚೀಲದಿಂದ ಕೊನೆಯದನ್ನು ತೆಗೆದ. ಹನ್ನೊಂದನೇ ಪುಸ್ತಕ, ಇನ್ನೂ ಶಾಯಿಯ ವಾಸನೆ ಹೋಗಿರಲಿಲ್ಲ. ಒಳಗಿನ ಚೀಟಿಯಲ್ಲಿ ಮೊದಲ ಸಾಲಿಗೆ ನೂರಹದಿನೇಳು ಎಂದು ಬರೆದು ಮೊನ್ನೆಯ ತಾರೀಕಿನ ಮೊಹರು ಒತ್ತಿದ್ದ.

"ಮೊನ್ನೆ ಬಂತು. ಮೊದಲು ಇವರಿಗೇ ಅಂತ ಎತ್ತಿಟ್ಟಿದ್ದೆ. ನಂಬರ್ ತೆಗೆದುಹಾಕ್ಲಾ?"

ಮಗಳು ಪುಸ್ತಕ ಇಸಿದುಕೊಂಡಳು. "ಬೇಡ," ಅಂದಳು.

"ಬೇಗ ಓದಿ ಕೊಡಮ್ಮ," ಅಂದಳು ನರ್ಸ್, ಕಣ್ಣೊರೆಸಿಕೊಳ್ಳುತ್ತ. "ಆಮೇಲೆ ನನ್ನ ಸರದಿ."

ಸಂಜೆ ಬಿಸಿಲು ಇನ್ನೂ ಇತ್ತು. ಗಂಡ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಮಗಳು ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬಂದಿದ್ದಳು. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಅಪ್ಪನ ಬೀಗದ ಕೈ. ಎದುರು ಮನೆಯ ಬಾಗಿಲು ಸ್ವಲ್ಪವೇ ತೆರೆದು, ಅಜ್ಜಿಯ ಒಂದು ಕಣ್ಣು ಕಾಣಿಸಿತು.

ಮಗಳು ಬೀಗದ ಕೈಯನ್ನು ರಂಧ್ರದವರೆಗೆ ಒಯ್ದವಳು ಹಿಂದಕ್ಕೆ ತೆಗೆದಳು. ಬೆರಳು ಮಡಚಿ ಬಾಗಿಲನ್ನು ಎರಡು ಸಲ ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.